ಎರಡು ಉತ್ತರಗಳ ಚೌಕ: ಏಳನೆಯ ತರಗತಿಯ ಗಣಿತದಲ್ಲಿ ಅಂಕಿ ಒಗಟುಗಳು — ಒಂದು ಪ್ರಕರಣ ಅಧ್ಯಯನ

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಏಳನೆಯ ತರಗತಿಯಲ್ಲಿ ಗಣಿತ ಶಿಕ್ಷಕಿಯೊಬ್ಬರು ಒಂದು ಶೈಕ್ಷಣಿಕ ವರ್ಷದುದ್ದಕ್ಕೂ ಅಂಕಿ ಒಗಟುಗಳನ್ನು ಬಳಸಿದರು. ಅದರ ವಿವರ ಇಲ್ಲಿದೆ. ನಾನು ಅದೇ ಕ್ಲಸ್ಟರಿನ, ಅಂದರೆ ಸುತ್ತಲಿನ ಶಾಲೆಗಳ ಗುಂಪಿನ, ಇನ್ನೊಂದು ಶಾಲೆಯಲ್ಲಿ ಗಣಿತ ಕಲಿಸುವವನು. ಸಮಾಲೋಚನಾ ಸಭೆಗಳಲ್ಲಿ ಅವರು ಹಂಚಿಕೊಂಡ ಅನುಭವ, ಅವರು ಇಟ್ಟುಕೊಂಡಿದ್ದ ತರಗತಿ ಟಿಪ್ಪಣಿ, ಮಕ್ಕಳ ನೋಟ್‌ಬುಕ್ಕುಗಳು ಮತ್ತು ಅವರ ತರಗತಿಯಲ್ಲಿ ಕುಳಿತು ನಾನು ಕಂಡದ್ದು, ಇವು ಈ ಬರಹದ ಆಧಾರ. ಊರು, ಶಾಲೆ, ಮಕ್ಕಳು ಯಾರೆಂದು ತಿಳಿಯಬಾರದೆಂದು ಕೆಲವು ವಿವರಗಳನ್ನು ಬಿಟ್ಟಿದ್ದೇನೆ. ಶಿಕ್ಷಕಿಯ ಒಪ್ಪಿಗೆ ಪಡೆದೇ ಬರೆದಿದ್ದೇನೆ.

ಹಿನ್ನೆಲೆ

ಊರು ತೆಲಂಗಾಣದ ಗಡಿಗೆ ಹತ್ತಿರವಿದೆ. ತರಗತಿಯ ಮಕ್ಕಳಲ್ಲಿ ಕೆಲವರ ಮನೆಮಾತು ಕನ್ನಡ, ಕೆಲವರದು ತೆಲುಗು, ಕೆಲವರದು ಉರ್ದು, ತಾಂಡಾದಿಂದ ಬರುವವರದು ಲಂಬಾಣಿ. ತೊಗರಿ ಮತ್ತು ಹತ್ತಿಯ ಹೊಲಗಳು, ಕಲ್ಲಿನ ಗಣಿಗಳು, ಸಿಮೆಂಟ್ ಕಾರ್ಖಾನೆಯ ದಿನಗೂಲಿ, ಇವುಗಳಿಂದ ಹೆಚ್ಚಿನ ಮನೆಗಳು ನಡೆಯುತ್ತವೆ. ದೀಪಾವಳಿ ಕಳೆದ ಮೇಲೆ ಹತ್ತಿ ಬಿಡಿಸುವ ಕೆಲಸ, ಅದರ ಬೆನ್ನಿಗೆ ತೊಗರಿಯ ರಾಶಿ ಬರುವುದರಿಂದ ನವೆಂಬರಿನಿಂದ ಜನವರಿಯವರೆಗೆ ಹಾಜರಿ ಪುಸ್ತಕದಲ್ಲಿ ಖಾಲಿ ಮನೆಗಳು ಹೆಚ್ಚುತ್ತವೆ. ಗಣಿತದ ಪಾಠವೋ ಒಂದರ ಮೇಲೊಂದು ನಿಲ್ಲುವಂಥದ್ದು. ಎರಡು ವಾರ ತಪ್ಪಿಸಿಕೊಂಡ ಮಗು ಮರಳಿ ಬಂದಾಗ ಎಲ್ಲಿಂದ ಸೇರಿಕೊಳ್ಳಬೇಕೆಂದು ತಿಳಿಯದೆ ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತುಬಿಡುತ್ತದೆ. ಈ ಭಾಗದಲ್ಲಿ ಕಲಿಸುವವರೆಲ್ಲ ಇದನ್ನು ಬಲ್ಲರು.

ಶಿಕ್ಷಕಿಯನ್ನು ಚಿಂತೆಗೆ ಹಚ್ಚಿದ ಸಮಸ್ಯೆ ಬೇರೆಯದಾಗಿತ್ತು. ಕೂಡುವುದು, ಕಳೆಯುವುದು, ಗುಣಿಸುವುದು ಅರ್ಧದಷ್ಟು ಮಕ್ಕಳಿಗಾದರೂ ಬರುತ್ತಿತ್ತು. ಆದರೆ ಕಪ್ಪುಹಲಗೆಯ ಮೇಲೆ ಮಾದರಿ ಮಾಡಿ ತೋರಿಸದ ಯಾವುದೇ ವಾಕ್ಯರೂಪದ ಲೆಕ್ಕ ಎದುರಾದರೆ ಪ್ರಶ್ನೆಯನ್ನು ಪೂರ್ತಿ ಓದುವ ಮೊದಲೇ, 'ಕೂಡ್ಸಬೇಕೇನ್ರೀ, ಕಳೀಬೇಕೇನ್ರೀ?' ಎಂಬ ಮಾತು ಬರುತ್ತಿತ್ತು. ಉತ್ತರ ಬರೆದ ಮಕ್ಕಳು ಅದನ್ನು ಸ್ವತಃ ಪರೀಕ್ಷಿಸದೆ ಶಿಕ್ಷಕಿಯ ಮುಖ ನೋಡುತ್ತಿದ್ದರು. ಒಂದು ದಿನ ಅವರು ಸರಿಯಾಗಿಯೇ ಉತ್ತರ ಬರೆದಿದ್ದ ಮಕ್ಕಳ ಬಳಿ ಒಬ್ಬೊಬ್ಬರಾಗಿ ನಿಂತು 'ಖರೇನಾ?' ಎಂದಷ್ಟೇ ಕೇಳಿದರು. ಹೆಚ್ಚಿನವರು ಒಂದು ಮಾತೂ ಆಡದೆ ರಬ್ಬರ್ ತೆಗೆದುಕೊಂಡು ಉತ್ತರ ಅಳಿಸಿದರು. ತಮಗೆ ಸಿಕ್ಕ ಉತ್ತರ ಸರಿಯೋ ತಪ್ಪೋ ಎಂಬುದನ್ನು ತಾವೇ ತಿಳಿಯಬಹುದು ಎಂಬ ನಂಬಿಕೆಯೇ ಆ ಮಕ್ಕಳಲ್ಲಿ ಇರಲಿಲ್ಲ. ಶಾಲಾ ಗಣಿತದ ಮುಖ್ಯ ಗುರಿ ಮಗುವಿನ ಆಲೋಚನೆಯನ್ನೇ ಗಣಿತೀಯಗೊಳಿಸುವುದು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳುತ್ತದೆ. ಆ ಗುರಿಯಿಂದ ನಾವು ಎಷ್ಟು ದೂರದಲ್ಲಿದ್ದೇವೆಂದು ಅರಿಯಲು ಆ ಒಂದು ಪ್ರಶ್ನೆ ಸಾಕಾಯಿತು ಎಂದು ಅವರು ಟಿಪ್ಪಣಿಯಲ್ಲಿ ಬರೆದುಕೊಂಡಿದ್ದಾರೆ.

ಮೊದಲ ಪ್ರಯತ್ನ ಮತ್ತು ಅದನ್ನು ನಿಲ್ಲಿಸಿದ ನಿರ್ಧಾರ

ಉತ್ತರ ಸರಿಯೋ ತಪ್ಪೋ ಎಂದು ಮಗುವೇ ನೋಡಿ ತಿಳಿಯಬಹುದಾದ ಕೆಲಸ ಬೇಕೆಂದು ಹುಡುಕಿದಾಗ ಅವರಿಗೆ ಮೊದಲು ಹೊಳೆದದ್ದು ದಿನಪತ್ರಿಕೆಯ ಸುಡೊಕು. ಒಂಬತ್ತು ಸಾಲು, ಒಂಬತ್ತು ಕಂಬ, ಒಂಬತ್ತು ಚಿಕ್ಕ ಚೌಕ. ಪ್ರತಿಯೊಂದರಲ್ಲೂ 1ರಿಂದ 9ರವರೆಗಿನ ಅಂಕಿಗಳು ಒಮ್ಮೊಮ್ಮೆ ಮಾತ್ರ ಬರಬೇಕು. ಶನಿವಾರದ ಬೆಳಗಿನ ಶಾಲೆಯಲ್ಲಿ ಕೊನೆಯ ಅವಧಿಯನ್ನು ಇದಕ್ಕೆಂದು ಇಟ್ಟರು, ಝೆರಾಕ್ಸ್ ಮಾಡಿಸಿ ಹಂಚಿದರು.

ಇದು ಫಲಿಸಲಿಲ್ಲ. ಮನೆಯಲ್ಲಿ ಮೊಬೈಲಿನಲ್ಲಿ ಆಡಿ ಅಭ್ಯಾಸವಿದ್ದ ಇಬ್ಬರು ಹುಡುಗರು ಬೇಗ ಮುಗಿಸಿದರು, ಉಳಿದವರು ಅವರ ಹಾಳೆಯಿಂದ ನೋಡಿ ಬರೆದರು. ತಾವೇ ಬಿಡಿಸಲು ಹೊರಟವರು ಎಲ್ಲೋ ಒಂದು ಕಡೆ ಊಹೆಯಿಂದ ಅಂಕಿ ತುಂಬಿ, ತುಂಬ ಮುಂದೆ ಹೋದ ಮೇಲೆ ತಪ್ಪು ಕಂಡು, ಎಲ್ಲಿ ಎಡವಿದೆವೆಂದು ತಿಳಿಯದೆ ಇಡೀ ಹಾಳೆಯನ್ನೇ ಮಡಚಿಟ್ಟರು. ಎಂಬತ್ತೊಂದು ಮನೆಗಳ ಚೌಕದಲ್ಲಿ ತಪ್ಪಿನ ಮೂಲ ಹುಡುಕುವುದು ದೊಡ್ಡವರಿಗೂ ಕಷ್ಟ. ಹತ್ತಿ ಬಿಡಿಸುವ ಕಾಲ ಬರುವ ಮೊದಲೇ ಶನಿವಾರದ ಹಾಜರಿ ಕಡಿಮೆಯಾಯಿತು.

ಸಮಾಲೋಚನಾ ಸಭೆಯಲ್ಲಿ ಈ ವಿಷಯ ಬಂದಾಗ ಹಿರಿಯ ಶಿಕ್ಷಕರೊಬ್ಬರು ಎತ್ತಿದ ಆಕ್ಷೇಪಣೆ ಬಹಳ ಮುಖ್ಯವಾದದ್ದು. ಈ ಒಗಟಿನಲ್ಲಿ ಅಂಕಿಗಳ ಬದಲು ಒಂಬತ್ತು ಅಕ್ಷರಗಳನ್ನು ಬರೆದರೂ ಏನೂ ಬದಲಾಗುವುದಿಲ್ಲ, ಹಾಗಿರುವಾಗ ಇದರಲ್ಲಿ ಗಣಿತ ಎಲ್ಲಿದೆ ಎಂದು ಅವರು ಕೇಳಿದರು. ಆಕ್ಷೇಪಣೆ ನಿಜ. ಅಮೆರಿಕದ ಹೊವಾರ್ಡ್ ಗಾರ್ನ್ಸ್ ರೂಪಿಸಿ 1979ರಲ್ಲಿ ಅಲ್ಲಿನ ಒಗಟು ಪತ್ರಿಕೆಯಲ್ಲಿ ಮೊದಲು ಪ್ರಕಟವಾದ, 1980ರ ದಶಕದಲ್ಲಿ ಜಪಾನಿನಲ್ಲಿ ಹೆಸರು ಪಡೆದ ಈ ಒಗಟಿನಲ್ಲಿ ಅಂಕಿಗಳು ಬರೀ ಗುರುತುಗಳು. ಕೂಡುವುದೂ ಇಲ್ಲ, ಗುಣಿಸುವುದೂ ಇಲ್ಲ. ಆದರೆ 'ಇಲ್ಲಿ 4 ಬರಲೇಬೇಕು, ಯಾಕೆಂದರೆ ಬೇರೆಲ್ಲೂ ಜಾಗವಿಲ್ಲ' ಎಂಬ ವಾದವೂ ಗಣಿತವೇ ಎಂಬುದು ಶಿಕ್ಷಕಿಯ ನಿಲುವು. ಆ ವಾದ ಮಕ್ಕಳ ಬಾಯಿಂದ ಬರುತ್ತಿಲ್ಲ, ಹಾಳೆಯ ಮೇಲೆ ಅಂಕಿ ಮಾತ್ರ ಬರುತ್ತಿದೆ, ತೊಡಕು ಇರುವುದು ಅಲ್ಲಿ ಎಂದು ಅವರು ಕಂಡುಕೊಂಡರು. ಝೆರಾಕ್ಸ್ ಹಾಳೆಗಳನ್ನೂ ಶನಿವಾರದ ಅವಧಿಯನ್ನೂ ಅವರು ಒಟ್ಟಿಗೇ ಕೈಬಿಟ್ಟರು. ಇಡೀ ಪ್ರಯೋಗದಲ್ಲಿ ಇದು ಮೊದಲ ತಿರುವು. ಹೊಸದೊಂದನ್ನು ಶುರುಮಾಡಿ, ಅದು ನಡೆಯುತ್ತಿಲ್ಲವೆಂದು ಕಂಡ ಮೇಲೂ ವರ್ಷಪೂರ್ತಿ ಎಳೆಯುವ ಅಭ್ಯಾಸ ನಮ್ಮಲ್ಲಿ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಫರಸಿಯ ಮೇಲಿನ ನಾಲ್ಕು ಮನೆ

ಎರಡನೆಯ ಸಲ ಅವರು ನಾಲ್ಕು ಸಾಲು, ನಾಲ್ಕು ಕಂಬದ ಸಣ್ಣ ಸುಡೊಕುವಿಗೆ ಬಂದರು. ಅದರಲ್ಲಿ ನಾಲ್ಕು ನಾಲ್ಕು ಮನೆಗಳ ನಾಲ್ಕು ಚಿಕ್ಕ ಚೌಕ. ಅಂಕಿಗಳು 1ರಿಂದ 4ರವರೆಗೆ ಮಾತ್ರ. ತರಗತಿಯ ನೆಲಕ್ಕೆ ಈ ಭಾಗದ ಫರಸಿ ಕಲ್ಲು ಹಾಸಿದ್ದರಿಂದ ಸೀಮೆಸುಣ್ಣದಲ್ಲಿ ಅದರ ಮೇಲೆಯೇ ಚೌಕ ಬರೆಯಬಹುದಾಗಿತ್ತು. ಹಳೆಯ ಮದುವೆ ಕಾರ್ಡುಗಳನ್ನು ಕತ್ತರಿಸಿ ಅಂಕಿಯ ಬಿಲ್ಲೆಗಳನ್ನು ಮಕ್ಕಳಿಂದಲೇ ಮಾಡಿಸಿದರು. ಬಿಲ್ಲೆ ತಪ್ಪಾಗಿ ಇಟ್ಟರೆ ಎತ್ತಿಟ್ಟರಾಯಿತು, ಅಳಿಸಿದ ಗುರುತು ಉಳಿಯುವುದಿಲ್ಲ. ತಪ್ಪಾದೀತೆಂಬ ಹೆದರಿಕೆ ಮಕ್ಕಳಲ್ಲಿ ಕಡಿಮೆಯಾಗಲು ಇದು ನಾವು ಎಣಿಸಿದ್ದಕ್ಕಿಂತ ಹೆಚ್ಚು ನೆರವಾಯಿತು.

ಆಟಕ್ಕೆ ಒಂದೇ ಕಟ್ಟುಪಾಡು. ಇಬ್ಬರು ಜೋಡಿಯಾಗಿ ಕೂರಬೇಕು. ಒಬ್ಬರ ಕೈಯಲ್ಲಿ ಬಿಲ್ಲೆ, ಇನ್ನೊಬ್ಬರ ಬಾಯಲ್ಲಿ ಕಾರಣ. 'ಯಾಕಂದ್ರ' ಎಂದು ಶುರುವಾಗುವ ಒಂದು ವಾಕ್ಯ ಬಾರದೆ ಬಿಲ್ಲೆ ನೆಲ ಮುಟ್ಟಬಾರದು. ಕಾರಣವನ್ನು ಯಾವ ಭಾಷೆಯಲ್ಲಾದರೂ ಹೇಳಬಹುದೆಂದು ಅವರು ಬಿಟ್ಟುಕೊಟ್ಟರು. ತಾಂಡಾದ ಇಬ್ಬರು ಹುಡುಗಿಯರು ಲಂಬಾಣಿಯಲ್ಲಿ ವಾದ ಮಾಡುತ್ತ, ಕೊನೆಗೆ ತೀರ್ಮಾನವನ್ನು ಮಾತ್ರ ಕನ್ನಡದಲ್ಲಿ ಹೇಳುತ್ತಿದ್ದುದನ್ನು ನಾನು ಕಂಡಿದ್ದೇನೆ. ಅವರು ಅಷ್ಟು ಹೊತ್ತು ಗಣಿತದ ಬಗ್ಗೆ ಮಾತಾಡಿದ್ದನ್ನು ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ. ಸಮಯವನ್ನೂ ಬದಲಿಸಿದರು. ಶನಿವಾರದ ಇಡೀ ಅವಧಿಯ ಬದಲು, ವಾರದಲ್ಲಿ ಎರಡು ದಿನ ಗಣಿತದ ಅವಧಿಯ ಮೊದಲ ಹತ್ತು ಹದಿನೈದು ನಿಮಿಷ ಮಾತ್ರ.

ಕೆಲವು ವಾರಗಳಲ್ಲಿ 'ಯಾಕಂದ್ರ' ರೂಢಿಯಾಯಿತು. ಆದರೂ ಒಗಟು ಮುಗಿದೊಡನೆ ಎಲ್ಲರೂ ತಲೆ ಎತ್ತಿ ಶಿಕ್ಷಕಿಯ ಕಡೆ ನೋಡುವುದು ನಿಂತಿರಲಿಲ್ಲ.

ಎರಡೂ ಸರಿಯಾದ ದಿನ

ಒಂದು ದಿನ ಒಗಟನ್ನು ನೆಲಕ್ಕೆ ಇಳಿಸುವಾಗ ಒಂದು ಸುಳಿವು, ಅಂದರೆ ಮೊದಲೇ ತುಂಬಿ ಕೊಡುವ ಅಂಕಿ, ಬಿಟ್ಟುಹೋಗಿತ್ತು. ಮೂರನೆಯ ಸಾಲಿನ ಮೊದಲ ಮನೆಯಲ್ಲಿ ಇರಬೇಕಾಗಿದ್ದ 2 ಅಲ್ಲಿರಲಿಲ್ಲ. ಎರಡು ಗುಂಪುಗಳು ಮುಗಿಸಿದವು, ಉತ್ತರಗಳು ಬೇರೆಬೇರೆಯಾದವು. ಒಂದು ಗುಂಪಿನ ಸಾಲುಗಳು ಮೇಲಿನಿಂದ ಹೀಗಿದ್ದವು: 1 2 3 4, ನಂತರ 3 4 1 2, ನಂತರ 2 1 4 3, ಕೊನೆಗೆ 4 3 2 1. ಇನ್ನೊಂದು ಗುಂಪಿನದು: 2 1 3 4, ನಂತರ 3 4 1 2, ನಂತರ 1 2 4 3, ಕೊನೆಗೆ 4 3 2 1. ಎರಡು ಗುಂಪುಗಳೂ ಒಬ್ಬರ ಚೌಕವನ್ನು ಇನ್ನೊಬ್ಬರು ತಪ್ಪೆಂದು ತೋರಿಸಲು ಹೊರಟು, ಪ್ರತಿ ಸಾಲು, ಪ್ರತಿ ಕಂಬ, ಪ್ರತಿ ಚಿಕ್ಕ ಚೌಕ ಎಣಿಸಿ, ಸೋತು ನಿಂತವು. 'ನಮ್ದೂ ಸರಿ ಅದರೀ, ಅವರ್ದೂ ಸರಿ ಅದರೀ. ಎರಡೂ ಹ್ಯಾಂಗ ಸರಿ ಆಗ್ತಾವ?' ಎಂದು ಒಬ್ಬ ಹುಡುಗ ಕೇಳಿದ.

ಸುಳಿವೊಂದು ಬಿಟ್ಟಿದೆ ಎಂಬುದು ಶಿಕ್ಷಕಿಗೆ ಆ ಕ್ಷಣಕ್ಕೆ ಹೊಳೆದಿತ್ತು. ಅದನ್ನು ಹೇಳಿ, 2 ಬರೆದು, ಪಾಠ ಮುಂದುವರಿಸಬಹುದಾಗಿತ್ತು. ಆ ದಿನದ ಪಾಠವೂ ಬಾಕಿ ಇತ್ತು. ಅವರು ಹಾಗೆ ಮಾಡದೆ, ಎರಡು ಚೌಕಗಳು ಎಲ್ಲೆಲ್ಲಿ ಬೇರೆಯಾಗಿವೆ ಎಂದಷ್ಟೇ ಕೇಳಿದರು. ನನ್ನ ದೃಷ್ಟಿಯಲ್ಲಿ ಇಡೀ ವರ್ಷದ ಅತಿ ಮುಖ್ಯ ನಿರ್ಧಾರ ಇದೇ.

ಮಕ್ಕಳು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಹನ್ನೆರಡು ಮನೆಗಳು ಒಂದೇ ಆಗಿದ್ದವು. ಮೊದಲ ಸಾಲಿನ ಮೊದಲೆರಡು ಮನೆ, ಮೂರನೆಯ ಸಾಲಿನ ಮೊದಲೆರಡು ಮನೆ, ಈ ನಾಲ್ಕರಲ್ಲಿ ಮಾತ್ರ 1 ಮತ್ತು 2 ಅದಲುಬದಲಾಗಿದ್ದವು. ಅದಲುಬದಲಾದರೂ ಸಾಲು ಕೆಡುವುದಿಲ್ಲ, ಕಂಬ ಕೆಡುವುದಿಲ್ಲ, ಚಿಕ್ಕ ಚೌಕವೂ ಕೆಡುವುದಿಲ್ಲ. ಹಾಗಾದರೆ ಉತ್ತರ ಒಂದೇ ಆಗಬೇಕಾದರೆ ಏನು ಮಾಡಬೇಕು ಎಂಬ ಮುಂದಿನ ಪ್ರಶ್ನೆ ಮಕ್ಕಳಿಂದಲೇ ಬಂತು. ಆ ನಾಲ್ಕು ಮನೆಗಳಲ್ಲಿ ಯಾವುದಾದರೂ ಒಂದಕ್ಕೆ ಸುಳಿವು ಕೊಟ್ಟರೆ ಸಾಕೆಂದು ಒಬ್ಬಳು ಹೇಳಿದಳು. ಉಳಿದವರು ನಾಲ್ಕನ್ನೂ ಒಂದೊಂದಾಗಿ ಇಟ್ಟು ನೋಡಿ ಒಪ್ಪಿದರು.

ಮುಂದಿನ ವಾರ, ಅಷ್ಟೇನೂ ಮಾತಾಡದ ಒಬ್ಬ ವಿದ್ಯಾರ್ಥಿ ಇದನ್ನು ಇನ್ನೂ ಮುಂದಕ್ಕೆ ಒಯ್ದ. ಒಗಟು ಕೊಡುವಾಗ 1 ಎಲ್ಲೂ ಕೊಡದೆ, 2 ಕೂಡ ಎಲ್ಲೂ ಕೊಡದೆ ಬಿಟ್ಟರೆ ಅದಕ್ಕೆ ಒಂದೇ ಉತ್ತರ ಇರಲು ಸಾಧ್ಯವೇ ಇಲ್ಲ ಎಂದು ಅವನು ಹೇಳಿದ. ಕಾರಣವನ್ನೂ ಕೊಟ್ಟ: ಉತ್ತರ ಸಿಕ್ಕಿದ ಮೇಲೆ ಅದರಲ್ಲಿರುವ ಎಲ್ಲ 1ನ್ನು 2 ಮಾಡಿ, ಎಲ್ಲ 2ನ್ನು 1 ಮಾಡಿದರೆ ಇನ್ನೊಂದು ಉತ್ತರ ಆಗುತ್ತದೆ, ಕೊಟ್ಟ ಸುಳಿವುಗಳಿಗೆ ಏನೂ ಆಗುವುದಿಲ್ಲ. ಇದು ಪೂರ್ಣವಾದ ರುಜುವಾತು. ಒಂದು ಉದಾಹರಣೆಗೆ ಅಂಟಿಕೊಳ್ಳದೆ ಆ ಬಗೆಯ ಎಲ್ಲ ಒಗಟುಗಳಿಗೂ ಅನ್ವಯಿಸುವ ಮಾತು. ಶಿಕ್ಷಕಿ ಅದನ್ನು ದೊಡ್ಡ ಸುಡೊಕುವಿಗೂ ಅನ್ವಯಿಸಲು ಹೇಳಿದಾಗ, ಒಂಬತ್ತು ಅಂಕಿಗಳಲ್ಲಿ ಕನಿಷ್ಠ ಎಂಟಾದರೂ ಸುಳಿವಿನಲ್ಲಿ ಕಾಣಲೇಬೇಕೆಂದು ತರಗತಿ ಕಂಡುಕೊಂಡಿತು. ದೊಡ್ಡ ಸುಡೊಕುವಿಗೆ ಒಂದೇ ಉತ್ತರ ಇರಬೇಕಾದರೆ ಕನಿಷ್ಠ 17 ಸುಳಿವು ಬೇಕೆಂದು ಡಬ್ಲಿನ್ನಿನ ಗಣಿತಜ್ಞ ಗ್ಯಾರಿ ಮೆಕ್‌ಗೈರ್ ಮತ್ತು ಅವರ ಸಹೋದ್ಯೋಗಿಗಳು 2012ರಲ್ಲಿ ಕಂಪ್ಯೂಟರಿನ ನೆರವಿನಿಂದ ತೋರಿಸಿದರು ಎಂದು ಹೇಳಿದಾಗ ಮಕ್ಕಳ ಮೊದಲ ಪ್ರಶ್ನೆ, 'ನಾಕು ಮನೀದಕ್ಕ ಎಷ್ಟು ಬೇಕು?' ಎಂಬುದಾಗಿತ್ತು. ಅದಕ್ಕೆ ನಾಲ್ಕು ಸುಳಿವು ಸಾಕು, ಮೂರು ಸಾಲದು. ನಾಲ್ಕೇ ಸುಳಿವಿನ ಒಗಟು ಕಟ್ಟುವ ಪೈಪೋಟಿ ತರಗತಿಯಲ್ಲಿ ಬಹಳ ದಿನ ನಡೆಯಿತು. ಮೊಬೈಲಿನಲ್ಲಿ ಆಡಿ ಬೇಗ ಮುಗಿಸುತ್ತಿದ್ದ ಇಬ್ಬರು ಹುಡುಗರಿಗೆ ನಿಜವಾದ ಕೆಲಸ ಸಿಕ್ಕಿದ್ದು ಆಗಲೇ. ಒಗಟು ಬಿಡಿಸುವುದರಲ್ಲಿ ಮುಂದಿದ್ದ ಅವರು ಕಟ್ಟಿದ ಒಗಟುಗಳಿಗೆ ಉಳಿದವರು ಎರಡನೆಯ ಉತ್ತರ ಹುಡುಕಿ ತಂದು ತೋರಿಸುತ್ತಿದ್ದರು.

ತಲೆ ಎತ್ತಿ ಶಿಕ್ಷಕಿಯ ಕಡೆ ನೋಡುವುದು ಈ ವಾರಗಳಲ್ಲಿ ಕಡಿಮೆಯಾಯಿತು. ಶಿಕ್ಷಕಿಗೂ ಉತ್ತರ ಒಂದೇ ಎಂದು ಗೊತ್ತಿರದ ಒಗಟು ಎದುರಿದ್ದಾಗ ಅವರ ಮುಖ ನೋಡಿ ಪ್ರಯೋಜನವಿರಲಿಲ್ಲ.

ಬೇಲಿ ಚೌಕ

ಹಿರಿಯ ಶಿಕ್ಷಕರ ಆಕ್ಷೇಪಣೆಗೆ ಉತ್ತರ ಕೊಡಬೇಕಾದ ಹೊತ್ತು ಬಂದಿತ್ತು. ಜಪಾನಿನ ಗಣಿತ ಶಿಕ್ಷಕ ತೆತ್ಸುಯಾ ಮಿಯಾಮೊಟೊ 2004ರಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ರೂಪಿಸಿದ ಕೆನ್‌ಕೆನ್ ಎಂಬ ಒಗಟಿನಲ್ಲಿ ಸಾಲು ಮತ್ತು ಕಂಬಗಳ ನಿಯಮದ ಜೊತೆಗೆ ಲೆಕ್ಕವೂ ಸೇರುತ್ತದೆ. ಕೆಲವು ಮನೆಗಳನ್ನು ದಪ್ಪ ಗೆರೆಯಿಂದ ಸುತ್ತುವರಿದು, ಅವುಗಳಲ್ಲಿರುವ ಅಂಕಿಗಳನ್ನು ಕೂಡಿದರೆ, ಕಳೆದರೆ, ಗುಣಿಸಿದರೆ ಅಥವಾ ಭಾಗಿಸಿದರೆ ಎಷ್ಟು ಬರಬೇಕೆಂದು ಮೂಲೆಯಲ್ಲಿ ಬರೆದಿರುತ್ತದೆ. ದಪ್ಪ ಗೆರೆಯನ್ನು ಮಕ್ಕಳು ಬೇಲಿ ಎಂದರು. ಒಗಟಿಗೆ ಬೇಲಿ ಚೌಕ ಎಂಬ ಹೆಸರೇ ನಿಂತಿತು.

ಅಪವರ್ತನಗಳ ಪಾಠಕ್ಕೆ ಇದು ನೇರವಾಗಿ ಕೂಡಿಕೊಂಡಿತು. ಆರು ಸಾಲಿನ ಚೌಕದಲ್ಲಿ ಎರಡು ಮನೆಯ ಬೇಲಿಗೆ ಗುಣಲಬ್ಧ 30 ಇದ್ದರೆ ಅಲ್ಲಿ 5 ಮತ್ತು 6 ಬಿಟ್ಟು ಬೇರೆ ಬರಲಾರವು. 12 ಇದ್ದರೆ 2 ಮತ್ತು 6 ಇರಬಹುದು, 3 ಮತ್ತು 4 ಇರಬಹುದು. 5ರಿಂದ ನಿಶ್ಶೇಷವಾಗಿ ಭಾಗವಾಗದ ಗುಣಲಬ್ಧದ ಬೇಲಿಯೊಳಗೆ 5 ಇರುವಂತಿಲ್ಲ ಎಂಬುದನ್ನು ಒಂದು ಗುಂಪು ಕಂಡು, ಪ್ರತಿ ಸಾಲಿನಲ್ಲಿ ಮೊದಲು 5ರ ಜಾಗ ಹುಡುಕುವ ಉಪಾಯ ಮಾಡಿತು. ಭಾಜ್ಯತೆಯ ನಿಯಮವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ಮಕ್ಕಳು ಅದನ್ನು ತಮಗೆ ಬೇಕಾದ ಕೆಲಸಕ್ಕೆ ಬಳಸಿದ್ದು ಆಗ.

ಒಂದು ಒಗಟು ಎಲ್ಲರನ್ನೂ ತಡೆದು ನಿಲ್ಲಿಸಿತು. ಮೂಲೆ ಮುರಿದು ತಿರುಗುವ ಮೂರು ಮನೆಯ ಬೇಲಿ, ಗುಣಲಬ್ಧ 20. ಮಕ್ಕಳು 1, 4, 5 ಎಂದು ಬರೆದರು. 2, 2, 5 ಎಂಬುದನ್ನು ಪಟ್ಟಿ ಮಾಡಿದವರೂ ಎರಡು ಸಲ 2 ಬರುವಂತಿಲ್ಲವೆಂದು ಹೊಡೆದುಹಾಕಿದರು. ಆಗ ಚೌಕ ಮುಂದೆ ಹೋಗಲೇ ಇಲ್ಲ. ನಿಯಮವನ್ನು ಮತ್ತೆ ಗಟ್ಟಿಯಾಗಿ ಓದಲು ಶಿಕ್ಷಕಿ ಹೇಳಿದರು. ಒಂದೇ ಸಾಲಿನಲ್ಲಿ, ಒಂದೇ ಕಂಬದಲ್ಲಿ ಅಂಕಿ ಎರಡು ಸಲ ಬರಬಾರದು ಎಂದು ನಿಯಮವಿತ್ತು. ಒಂದೇ ಬೇಲಿಯಲ್ಲಿ ಬರಬಾರದೆಂದು ಎಲ್ಲೂ ಇರಲಿಲ್ಲ. ಮೂಲೆಯ ಮನೆಯಲ್ಲಿ 5 ಇಟ್ಟು ಎರಡು ತುದಿಗಳಲ್ಲಿ 2 ಇಟ್ಟರೆ ಆ ಎರಡು ತುದಿಗಳು ಬೇರೆ ಸಾಲು, ಬೇರೆ ಕಂಬಗಳಲ್ಲಿ ಬೀಳುತ್ತವೆ. ಒಬ್ಬ ಹುಡುಗಿ ಅದನ್ನು ಇಟ್ಟು ತೋರಿಸಿದಳು. ಪ್ರಶ್ನೆ ಏನು ಹೇಳಿದೆ, ಏನು ಹೇಳಿಲ್ಲ, ನಾವು ಏನನ್ನು ಸೇರಿಸಿಕೊಂಡು ಓದಿದೆವು ಎಂಬ ಮೂರು ಮಾತುಗಳು ಆ ದಿನ ಕಪ್ಪುಹಲಗೆಯ ಮೂಲೆಗೆ ಏರಿದವು, ವರ್ಷ ಮುಗಿಯುವವರೆಗೂ ಅಲ್ಲಿಯೇ ಉಳಿದವು. ವಾಕ್ಯರೂಪದ ಲೆಕ್ಕಗಳಿಗೂ ಅವರು ಇವೇ ಮಾತುಗಳನ್ನು ಬಳಸತೊಡಗಿದರು.

ಮಗ್ಗಿ ಬಾರದ ಮಕ್ಕಳಿಗೆ ಗುಣಾಕಾರದ ಬೇಲಿಗಳು ಬಾಗಿಲು ಮುಚ್ಚಿದವು ಎಂಬುದನ್ನೂ ಹೇಳಬೇಕು. ಶಿಕ್ಷಕಿ ಗೋಡೆಗೆ ಮಗ್ಗಿಯ ಪಟ್ಟಿ ಅಂಟಿಸಿ, ನೋಡಿಕೊಂಡು ಬಿಡಿಸಲು ಬಿಟ್ಟರು. ಹೀಗೆ ಮಾಡಿದರೆ ಮಗ್ಗಿ ಎಂದೂ ಬಾಯಿಗೆ ಬರುವುದಿಲ್ಲವೆಂದು ಸಭೆಯಲ್ಲಿ ಕೆಲವರು ವಾದಿಸಿದರು. ಆ ಹತ್ತು ನಿಮಿಷದ ಉದ್ದೇಶ ಮಗ್ಗಿಯ ಪರೀಕ್ಷೆ ಆಗಿರಲಿಲ್ಲವಾದ್ದರಿಂದ ಅವರು ಮಾಡಿದ್ದು ಸರಿಯೆಂದೇ ನಾನು ತಿಳಿಯುತ್ತೇನೆ.

ಮರಳಿ ಬಂದ ವಿದ್ಯಾರ್ಥಿನಿ

ಹತ್ತಿ ಬಿಡಿಸಲು ಹೋಗಿ, ತೊಗರಿ ರಾಶಿಯೂ ಮುಗಿದ ಮೇಲೆ ಜನವರಿಯಲ್ಲಿ ಶಾಲೆಗೆ ಬಂದ ಒಬ್ಬ ಹುಡುಗಿಯ ಬಗ್ಗೆ ಶಿಕ್ಷಕಿಯ ಟಿಪ್ಪಣಿಯಲ್ಲಿ ಹಲವು ಪುಟಗಳಿವೆ. ತರಗತಿ ಅಷ್ಟರಲ್ಲಿ ಸರಳ ಸಮೀಕರಣಗಳಿಗೆ ಬಂದಿತ್ತು. ಆ ಪಾಠ ಅವಳಿಗೆ ಏನೇನೂ ತಿಳಿಯಲಿಲ್ಲ. ಆದರೆ ಬೇಲಿ ಚೌಕಕ್ಕೆ ಹಿಂದಿನ ಪಾಠದ ಹಂಗಿರಲಿಲ್ಲ. ನಿಯಮ ಕೇಳಿಸಿಕೊಂಡು ಅವತ್ತೇ ಗುಂಪಿಗೆ ಸೇರಿದಳು.

ನಾಲ್ಕು ಸಾಲಿನ ಒಂದು ಚೌಕದಲ್ಲಿ, ಮೊದಲ ಸಾಲಿನ ಮೂರು ಮನೆಗಳನ್ನು ಒಂದು ಬೇಲಿ ಸುತ್ತಿತ್ತು, ಮೊತ್ತ 8. ಎಲ್ಲರೂ 8 ಬರುವ ಮೂರು ಅಂಕಿಗಳ ಪಟ್ಟಿ ಮಾಡುತ್ತಿದ್ದಾಗ ಅವಳು ಬೇಲಿಯ ಹೊರಗೆ ಉಳಿದ ನಾಲ್ಕನೆಯ ಮನೆಯಲ್ಲಿ 2 ಇಟ್ಟಳು. 'ಒಂದ್ ಸಾಲಿನಾಗ ಎಲ್ಲಾ ಕೂಡಿದ್ರ ಹತ್ತೇ ಆಗ್ತದಲ್ರೀ' ಎಂದು ಕಾರಣ ಹೇಳಿದಳು. 1, 2, 3, 4 ಕೂಡಿದರೆ 10. ಯಾವ ಸಾಲಾದರೂ ಅಷ್ಟೇ. ಬೇಲಿಯೊಳಗೆ ಏನಿದೆ ಎಂದು ತಿಳಿಯದೆಯೇ ಹೊರಗಿನದನ್ನು ತಿಳಿಯುವ ಈ ಉಪಾಯ ಅದುವರೆಗೆ ಯಾರಿಗೂ ಹೊಳೆದಿರಲಿಲ್ಲ. ಶಿಕ್ಷಕಿ ಅವಳ ಮಾತನ್ನೇ ಹಲಗೆಯ ಮೇಲೆ ಬರೆದರು: ಖಾಲಿ ಮನೆ + 8 = 10. ಖಾಲಿ ಮನೆಯ ಜಾಗದಲ್ಲಿ ಒಂದು ಅಕ್ಷರ ಬರೆದಾಗ ಅದು ಅಂದಿನ ಪಾಠದ ಸಮೀಕರಣವೇ ಆಯಿತು. ಗುಣಿಸಿದರೆ ಸಾಲಿಗೆ 24 ಬರುತ್ತದೆಂದು ಬೇರೊಬ್ಬ ಹುಡುಗ ಸೇರಿಸಿದ. ಮೂರು ಮನೆಯ ಗುಣಲಬ್ಧ 6 ಆದರೆ ಉಳಿದದ್ದು 4.

ಅವಳಿಗೆ ಸಮೀಕರಣದ ಪಾಠ ಇದರಿಂದ ತೆರೆಯಿತು. ಭಿನ್ನರಾಶಿಗಳು ತೆರೆಯಲಿಲ್ಲ, ಅವಳು ತಪ್ಪಿಸಿಕೊಂಡಿದ್ದ ಆ ಪಾಠಗಳನ್ನು ಪ್ರತ್ಯೇಕವಾಗಿಯೇ ಕಲಿಸಬೇಕಾಯಿತು, ವರ್ಷದ ಕೊನೆಗೂ ಅದು ಅರ್ಧದಲ್ಲಿತ್ತು. ಹಾಜರಿಯ ಸಮಸ್ಯೆಗೆ ಒಗಟು ಮದ್ದೆಂದು ಯಾರೂ ಭಾವಿಸಬಾರದು. ಮರಳಿ ಬಂದ ಮಗುವಿಗೆ ಮೊದಲ ದಿನವೇ ತರಗತಿಯಲ್ಲಿ ಹೇಳಲು ಒಂದು ಮಾತು ಇತ್ತು, ಅದನ್ನು ಉಳಿದವರು ಕಿವಿಗೊಟ್ಟು ಕೇಳಿದರು. ಈ ಪ್ರಕರಣದಿಂದ ಅಷ್ಟನ್ನು ಖಚಿತವಾಗಿ ಹೇಳಬಹುದು.

ಊರವರ ಪ್ರಶ್ನೆ ಮತ್ತು ಮಳಖೇಡದ ಲೆಕ್ಕ

ಸಂಕಲನಾತ್ಮಕ ಮೌಲ್ಯಮಾಪನ ಹತ್ತಿರ ಬಂದಾಗ ಪಾಠ ಮುಗಿಯುವುದೇ ಎಂದು ಮುಖ್ಯಗುರುಗಳು ಕೇಳಿದರು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಬ್ಬ ತಂದೆ, ಮಕ್ಕಳು ನೆಲದ ಮೇಲೆ ಕುಳಿತು ಕಾಗದದ ತುಂಡಿನಲ್ಲಿ ಆಡುತ್ತಾರೆಂದು ಬೇಸರ ತೋಡಿಕೊಂಡರು. ಎರಡೂ ನ್ಯಾಯವಾದ ಪ್ರಶ್ನೆಗಳು. ಶಿಕ್ಷಕಿ ವಾದಕ್ಕೆ ಇಳಿಯದೆ, ಮುಂದಿನ ಸಭೆಗೆ ಪಾಲಕರನ್ನು ತರಗತಿಗೇ ಕರೆದರು.

ಅಂದು ಅವರು ಆಯ್ದುಕೊಂಡದ್ದು ಈ ತಾಲ್ಲೂಕಿನದೇ ವಿಷಯ. ಕಾಗಿಣಾ ನದಿಯ ದಂಡೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ಎರಡು ಕಡೆಯಿಂದಲೂ ಒಂದೇ ರೀತಿ ಓದಿಸಿಕೊಳ್ಳುವ ಗುಣಲಬ್ಧಗಳನ್ನು ಅವರು ಕಂಠಹಾರದಂತೆ ಕಂಡು ಕೊಟ್ಟಿದ್ದಾರೆ: 139ನ್ನು 109ರಿಂದ ಗುಣಿಸಿದರೆ 15151, 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು, 27994681ನ್ನು 441ರಿಂದ ಗುಣಿಸಿದರೆ 12345654321. ಮಕ್ಕಳು ಪಾಲಕರ ಮುಂದೆ ಇವನ್ನು ಗುಣಿಸಿ ತೋರಿಸಿದರು. ನಮ್ಮ ನೆಲದ ಹೆಮ್ಮೆ ಅಂದು ಸಭೆಯಲ್ಲಿ ಇತ್ತು, ಇರಬೇಕಾದದ್ದೇ. ಆದರೆ ಶಿಕ್ಷಕಿ ಅಲ್ಲಿಗೆ ನಿಲ್ಲಿಸದೆ ಮುಂದಿನ ಪ್ರಶ್ನೆ ಕೇಳಿದ್ದು ನನಗೆ ಮುಖ್ಯವೆನಿಸಿತು: 12345679ರಲ್ಲಿ 8 ಯಾಕೆ ಇಲ್ಲ?

ಮಕ್ಕಳು ಬಲಗಡೆಯಿಂದ ಗುಣಿಸುತ್ತ ಹೋದರು. ಒಂಬತ್ತೊಂಬತ್ತಲೆ 81, 1 ಬರೆದು 8 ಮುಂದಕ್ಕೆ. ಒಂಬತ್ತೇಳಲೆ 63, ಅದಕ್ಕೆ 8 ಸೇರಿ 71. 1 ಬರೆದು 7 ಮುಂದಕ್ಕೆ. ಒಂಬತ್ತಾರಲೆ 54, 7 ಸೇರಿ 61. ಹೀಗೆ ಪ್ರತಿ ಹೆಜ್ಜೆಯಲ್ಲೂ ಬಿಡಿಸ್ಥಾನಕ್ಕೆ 1 ಬರುತ್ತದೆ. 9ರ ಪಕ್ಕದಲ್ಲಿ 8 ಇದ್ದಿದ್ದರೆ 72ಕ್ಕೆ 8 ಸೇರಿ 80 ಆಗಿ ಅಲ್ಲಿ ಸೊನ್ನೆ ಬೀಳುತ್ತಿತ್ತು, ಹಾರ ಅಲ್ಲಿಗೇ ಕಡಿಯುತ್ತಿತ್ತು. ಮಗ್ಗಿ, ದಶಕ ಒಯ್ಯುವುದು, 'ಯಾಕಂದ್ರ' ಮೂರೂ ಒಂದೇ ಲೆಕ್ಕದಲ್ಲಿ ಬಂದವು. ಇಂಥ ಲೆಕ್ಕವಾದರೆ ದಿನಾ ಮಾಡಿಸಿರೆಂದು ಬೇಸರಪಟ್ಟಿದ್ದ ತಂದೆಯೇ ಹೇಳಿದರು. ಮುಖ್ಯಗುರುಗಳ ಆತಂಕ ಮಾತ್ರ ಪೂರ್ತಿ ಹೋಗಲಿಲ್ಲ. ಪರೀಕ್ಷೆಗೆ ಮುಂಚಿನ ಕೆಲವು ವಾರ ಒಗಟು ನಿಲ್ಲಿಸುವುದಾಗಿ ಶಿಕ್ಷಕಿ ಒಪ್ಪಿಕೊಂಡರು.

ಕೊನೆಯ ತಿಂಗಳುಗಳಲ್ಲಿ ಅಕ್ಷರದ ಲೆಕ್ಕಗಳನ್ನೂ ಕೊಟ್ಟರು. ಕಕ, ಗಗ, ಜಜ ಎಂಬ ಮೂರು ಎರಡಂಕಿ ಸಂಖ್ಯೆಗಳನ್ನು ಕೂಡಿದರೆ ಕಗಜ ಎಂಬ ಮೂರಂಕಿ ಸಂಖ್ಯೆ ಬರುತ್ತದೆ. ಒಂದೊಂದು ಅಕ್ಷರ ಒಂದೊಂದು ಬೇರೆ ಅಂಕಿ. ಬಿಡಿಸ್ಥಾನದಲ್ಲಿ ಮೂರನ್ನೂ ಕೂಡಿದಾಗ ಕೊನೆಗೆ ಜ ಉಳಿಯುವುದರಿಂದ ಕ ಮತ್ತು ಗ ಸೇರಿ ಹತ್ತಾಗಲೇಬೇಕು ಎಂಬಲ್ಲಿಂದ ಹಿಡಿದು 11 + 99 + 88 = 198 ಎಂಬಲ್ಲಿಗೆ ತಲುಪಲು ಕೆಲವು ಗುಂಪುಗಳಿಗೆ ಎರಡು ದಿನ ಬೇಕಾಯಿತು. ಸ್ಥಾನಬೆಲೆ ಗಟ್ಟಿಯಿಲ್ಲದವರು ಇಲ್ಲಿ ಹಿಂದೆ ಬಿದ್ದರು.

ಏನಾಯಿತು, ಏನು ಆಗಲಿಲ್ಲ

ಫೆಬ್ರವರಿಯಲ್ಲಿ ಶಿಕ್ಷಕಿ ಮೊದಲಿನಂತೆಯೇ ಸರಿಯುತ್ತರ ಬರೆದವರ ಬಳಿ ನಿಂತು 'ಖರೇನಾ?' ಎಂದು ಕೇಳಿದರು. ಅಳಿಸಿದವರು ಈ ಸಲವೂ ಇದ್ದರು, ಆದರೆ ಕೆಲವರೇ. ಹಲವರು ಉತ್ತರವನ್ನು ಮತ್ತೆ ಲೆಕ್ಕಕ್ಕೆ ಹಾಕಿ ನೋಡಿ 'ಖರೇ ಅದರೀ' ಎಂದರು. ಒಬ್ಬಳು ಕಾರಣ ಹೇಳಲು ಎದ್ದು ನಿಂತಳು. ನೋಟ್‌ಬುಕ್ಕುಗಳಲ್ಲಿ ಉತ್ತರದ ಕೆಳಗೆ 'ಯಾಕೆಂದರೆ' ಎಂಬ ಸಾಲು ಯಾರೂ ಹೇಳದೆ ಕಾಣತೊಡಗಿತ್ತು. ಪರೀಕ್ಷೆಯ ಅಂಕಗಳಲ್ಲಿ ದೊಡ್ಡ ಜಿಗಿತವೇನೂ ಆಗಲಿಲ್ಲ. ಮಗ್ಗಿ ಬಾರದವರಿಗೆ ಮಗ್ಗಿ ತಾನಾಗಿ ಬರಲಿಲ್ಲ.

ಈ ಪ್ರಕರಣದಿಂದ ಕಲಿಯಬೇಕಾದ ಮುಖ್ಯ ಸಂಗತಿ ಪರೀಕ್ಷೆಗೆ ಮುಂಚೆ ಒಗಟು ನಿಲ್ಲಿಸಿದ ವಾರಗಳಲ್ಲಿ ಸಿಕ್ಕಿತು. ಮಾದರಿ ಪ್ರಶ್ನೆಗಳ ಅಭ್ಯಾಸದ ನಡುವೆ, ಪ್ರಶ್ನೆ ಏನು ಹೇಳಿದೆ, ಏನು ಹೇಳಿಲ್ಲ ಎಂದು ಶಿಕ್ಷಕಿ ಕೇಳುವುದು ಕಡಿಮೆಯಾದ ಕೂಡಲೇ 'ಕೂಡ್ಸಬೇಕೇನ್ರೀ, ಕಳೀಬೇಕೇನ್ರೀ?' ಮರಳಿ ಬಂತು. ಅವರು ಮತ್ತೆ ಆ ಮಾತುಗಳನ್ನು ಪಠ್ಯದ ಲೆಕ್ಕಗಳಿಗೂ ಬಳಸಿದಾಗ ಅದು ತಗ್ಗಿತು. ಒಗಟಿನಲ್ಲಿ ಕಲಿತ ವಿಚಾರಮಾಡುವ ರೀತಿ ಪಾಠಕ್ಕೆ ತಾನಾಗಿ ಹರಿದುಬರುವುದಿಲ್ಲ. ಎರಡೂ ಕಡೆ ಒಂದೇ ಪ್ರಶ್ನೆ ಕೇಳುವವರು ಬೇಕು. ಬರೀ ಒಗಟಿನ ಹಾಳೆ ಹಂಚುವ ಶಾಲೆಗಳಲ್ಲಿ ಏನೂ ಬದಲಾಗದಿರುವುದಕ್ಕೆ ಇದೇ ಕಾರಣವೆಂದು ನನಗೆ ಅನ್ನಿಸುತ್ತದೆ.

ಮುಂದಿನ ವರ್ಷದ ಬಗ್ಗೆ ನನಗೂ ಶಿಕ್ಷಕಿಗೂ ಒಂದು ಭಿನ್ನಾಭಿಪ್ರಾಯ ಉಳಿದಿದೆ. ಎರಡು ಉತ್ತರದ ಚೌಕವನ್ನು ಜೂನ್ ತಿಂಗಳಲ್ಲೇ, ಬೇಕೆಂದೇ, ಮೊದಲ ಒಗಟಾಗಿ ಕೊಡಬೇಕೆಂಬುದು ಅವರ ಯೋಚನೆ. ಶಿಕ್ಷಕರ ಮುಖ ನೋಡುವ ಅಭ್ಯಾಸ ಬೆಳೆಯುವ ಮೊದಲೇ ತಡೆಯಬಹುದು ಎಂಬುದು ಅದಕ್ಕೆ ಅವರು ಕೊಡುವ ಕಾರಣ. ನನ್ನ ಶಾಲೆಯ ಆರನೆಯ ತರಗತಿಯಲ್ಲಿ ನಾನು ಅದೇ ಚೌಕವನ್ನು ಆರಂಭದಲ್ಲಿಯೇ ಕೊಟ್ಟಾಗ ಎರಡು ಉತ್ತರ ಬಂದದ್ದು ಮಕ್ಕಳಿಗೆ ವಿಶೇಷವೆನಿಸಲಿಲ್ಲ. ಒಗಟಿಗೆ ಒಂದೇ ಉತ್ತರ ಇರುತ್ತದೆಂಬ ನಿರೀಕ್ಷೆ ಅವರಲ್ಲಿ ಇನ್ನೂ ಹುಟ್ಟಿರಲಿಲ್ಲ, ಹಾಗಾಗಿ ಅಲ್ಲಿ ಯಾರೂ 'ಹ್ಯಾಂಗ' ಎಂದು ಕೇಳಲಿಲ್ಲ. ಕೆಲವು ವಾರ ಒಂದೇ ಉತ್ತರದ ಚೌಕಗಳನ್ನು ಬಿಡಿಸಿದ ಮೇಲೆಯೇ ಇದು ಬರಬೇಕೆಂಬುದು ನನ್ನ ಅಭಿಪ್ರಾಯ. ಬರುವ ವರ್ಷ ಅವರು ಜೂನ್‌ನಲ್ಲಿ, ನಾನು ಆಗಸ್ಟ್‌ನಲ್ಲಿ ಕೊಟ್ಟು, ಮಕ್ಕಳು ಕೇಳುವ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಬರೆದಿಟ್ಟು, ದಸರಾ ರಜೆಯ ನಂತರದ ಸಮಾಲೋಚನಾ ಸಭೆಗೆ ಎರಡೂ ದಾಖಲೆ ತರುವುದೆಂದು ಮಾತಾಗಿದೆ.